ಚಾವಡಿಯಲ್ಲಿ ಮಲಗಿದ್ದವರು

ನಾನು ತಳವಾರ ಹಣಮಯ್ಯ. ಸಂಜೆಯಾದರೆ ನಮ್ಮೂರಿನ ಕೈಕಾಡಿ ಗಂಡಸರೆಲ್ಲ ಚಾವಡಿಗೆ ಬಂದು ಹಾಜರಿ ಹೇಳಬೇಕು. ರಾತ್ರಿ ಅಲ್ಲೇ ನನ್ನ ಕಣ್ಣೆದುರು ಮಲಗಿ, ಬೆಳಗಾದ ಮೇಲೆ ಮನೆಗೆ ಹೋಗಬೇಕು. ಅವರದು ಕಳ್ಳರ ಜಾತಿ ಎಂದು ನಿಜಾಮರ ಸರ್ಕಾರ ಬರೆದಿಟ್ಟಿತ್ತು. ಹಗಲೆಲ್ಲ ತೊಗರಿಕಟ್ಟಿಗೆಯ ಬುಟ್ಟಿ ಹೆಣೆದು ಸೊಂಟ ಬಿದ್ದವರು ಅದ್ಯಾವಾಗ ಕದಿಯಬೇಕಪ್ಪಾ? ಚಾಪೆ ಕಂಡರೆ ಸಾಕು, ಗೊರಕೆ. ಆ ಗೊರಕೆ ಕೇಳುತ್ತ ಎಚ್ಚರವಾಗಿ ಕೂರುವುದೇ ನನ್ನ ಚಾಕರಿ. ಮಂಡಿನೋವು ಹತ್ತಿದ ಮೇಲಂತೂ ನಿದ್ದೆ ಕೊಟ್ಟರೂ ಬರುವುದಿಲ್ಲ.

ಆ ವರ್ಷ ಸುಗ್ಗಿ ಮುಗಿದಿತ್ತು. ಧಾರೂರಿನ ದಾರಿಯಲ್ಲಿ ಯಾರೋ ರಾತ್ರಿ ಹೊತ್ತು ಒಬ್ಬ ಬಟ್ಟೆ ವ್ಯಾಪಾರಿಯನ್ನು ಕೊಡಲಿಯಿಂದ ಕಡಿದು, ಅವನ ಗಂಟು ಎತ್ತಿಕೊಂಡು ಹೋದರು. ಸ್ವಲ್ಪ ದಿನಕ್ಕೆ ಹೈದರಾಬಾದಿನ ಉರ್ದು ಪೇಪರು ರೈಲಿನಲ್ಲಿ ತಾಂಡೂರಿಗೆ ಬಂತು. ಕೈಕಾಡಿಗಳ ಟೋಳಿ ಕೊಂದಿದೆ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ನಮ್ಮವರು. ಮಾರನೆಯ ದಿನವೇ ಪೊಲೀಸರು ಬಂದು ಗಂಗಾರಾಮನ ಕೈಗೆ ಹಗ್ಗ ಹಾಕಿದರು. ಅವನೇ ಯಾಕೆ ಅಂದರೆ, ಕೈಕಾಡಿಗಳಲ್ಲಿ ಅವನೊಬ್ಬ ಎತ್ತರದ ಆಳು. ಕೊಂದವನ ಹಾಗೆ ಕಾಣುತ್ತಾನಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಕೊಲೆಯಾದ ರಾತ್ರಿ ಅವನು ನನ್ನೆದುರಿಗೇ ಮಲಗಿದ್ದ. ನಡೆದುಕೊಂಡೇ ತಾಂಡೂರಿನ ಠಾಣೆಗೆ ಹೋಗಿ ಅಲ್ಲಿನ ದೊಡ್ಡ ಅಧಿಕಾರಿ ಅಮೀನ ಸಾಹೇಬರ ಮುಂದೆ ಹಾಗೇ ಹೇಳಿದೆ. ಅವರು ಮೇಜಿನ ಮೇಲಿದ್ದ ಪೇಪರನ್ನು ಬೆರಳಿನಿಂದ ಬಡಿದು, ನಿನಗೆ ನಿದ್ದೆ ಹತ್ತಿರಬೇಕು, ಅವನು ಎದ್ದು ಹೋಗಿ ಬಂದಿರಬೇಕು ಅಂದರು.

"ಹಂಗಾದ್ರ ತಪ್ಪು ನಂದು ಆತಲ್ರಿ ಸಾಹೇಬ್ರ. ನನ್ನೂ ಒಳಗ ಹಾಕ್ರಿ" ಅಂದೆ.

ಅವರು ನಕ್ಕು, ಚಹಾ ಕುಡಿದು ಹೋಗು ಅಂದರು. ನಾನು ಮಲಗಿದ್ದೆ ಎಂದು ಅವರು ನಿಜವಾಗಿ ನಂಬಿದ್ದರೆ ನನ್ನ ನೌಕರಿ ಅಲ್ಲೇ ಹೋಗುತ್ತಿತ್ತು. ಹೋಗಲಿಲ್ಲ. ಒಳಗಿನ ಕೋಣೆಯಲ್ಲಿ ಗಂಗಾರಾಮ ನರಳುವುದು ಕೇಳಿಸುತ್ತಿತ್ತು. ನಾನು ಚಹಾ ಮುಟ್ಟದೆ ಎದ್ದು ಬಂದೆ.

ಅವನ ಹೆಂಡತಿ ಸಾಯಮ್ಮ ಠಾಣೆಯ ಹೊರಗೆ ಕೂತಿದ್ದಳು. ಅವಳನ್ನು ಕರೆದುಕೊಂಡು ಆತ್ಮಾರಾಮನ ಹತ್ತಿರ ಹೋದೆ. ಕಚೇರಿ ಕಟ್ಟೆಯ ಮೇಲೆ ಅರ್ಜಿ ಬರೆಯುವ ಆಸಾಮಿ. ತಾಂಡೂರಿನ ಸುದ್ದಿಯನ್ನು ಪೇಪರಿಗೆ ಕಳಿಸುವವನೂ ಅವನೇ. ಕೆಟ್ಟವನಲ್ಲ, ಸಾಯಮ್ಮನಿಗೆ ಕುಡಿಯಲು ನೀರು ಕೊಟ್ಟ. ಕೊಂದವರನ್ನು ಯಾರಾದರೂ ನೋಡಿದ್ದಾರೇನು ಎಂದು ಕೇಳಿದೆ. ಯಾರೂ ನೋಡಿಲ್ಲ ಅಂದ. ಮತ್ತೆ ಕೈಕಾಡಿ ಎಂದು ಯಾಕೆ ಬರೆದೆ ಎಂದು ಕೇಳಿದೆ.

"ಯಾರೋ ಕೊಂದಾರ ಅಂತ ಬರದ್ರ ಮಂದಿಗಿ ಹೆದರಿಕಿ ಆಗ್ತದ ಹಣಮಯ್ಯ, ಬಾಜೂಮನಿಯವನ ಮ್ಯಾಲೂ ಸಂಶಯ ಬರ್ತದ. ಕೈಕಾಡಿ ಅಂತ ಬರದ್ರ ಸುಮ್ಮ ಮಕ್ಕೊಂತಾರ" ಅಂದ.

ನಾನು ಬಾಯಿಗೆ ಬಂದ ಹಾಗೆ ಬೈದೆ. ಸಾಯಮ್ಮ ಬೈಯಲಿಲ್ಲ. ಗಂಗಾರಾಮ ಆ ರಾತ್ರಿ ಚಾವಡಿಯಲ್ಲೇ ಇದ್ದನೆಂದು ಒಂದು ಸಾಲು ಬರೆಯಿರಿ ಎಂದು ಸೆರಗೊಡ್ಡಿ ಕೇಳಿದಳು. ಮಲಗಿದ್ದವನ ಸುದ್ದಿಯನ್ನು ಪೇಪರಿನವರು ಹಾಕುವುದಿಲ್ಲವಮ್ಮ ಎಂದು ಆತ್ಮಾರಾಮ ಮುಖ ತಿರುಗಿಸಿದ.

ಬೇಸಿಗೆ ಬಂತು. ಬುಟ್ಟಿ ಕೊಳ್ಳುವವರು ಕೈಕಾಡಿಗಳ ಓಣಿಯ ಕಡೆ ಹಾಯುವುದನ್ನೇ ಬಿಟ್ಟರು. ನಾನು ಮತ್ತೆ ಮತ್ತೆ ಠಾಣೆಗೆ ಹೋಗಿ ಅದೇ ಮಾತು ಹೇಳಿದೆ. ಕೊನೆಕೊನೆಗೆ ನನ್ನ ಮಾತು ಕೇಳಿ ನನಗೇ ಬೇಜಾರು ಬಂತು.

ಕೊಂದವನು ಸಿಕ್ಕಿದ್ದು ಪೊಲೀಸರಿಂದಲ್ಲ. ಸತ್ತ ವ್ಯಾಪಾರಿಯ ಅಣ್ಣನ ಮಗನೇ ಕೊಂದಿದ್ದ. ಪಾಲಿನ ವಿಷಯಕ್ಕೆ ಮನೆಯಲ್ಲಿ ಜಗಳ ಬಿದ್ದು, ಸಿಟ್ಟಿನಲ್ಲಿ ಅವನೇ ಬಾಯಿಬಿಟ್ಟ. ಆ ಸುದ್ದಿಯೂ ಪೇಪರಿನಲ್ಲಿ ಬಂತು, ಮೂಲೆಯಲ್ಲಿ. ಆತ್ಮಾರಾಮ ಓದಿ ಹೇಳಿದ: ಒಳ್ಳೆಯ ಮನೆತನದ ಹುಡುಗ, ಮನಸ್ಸು ಕೆಟ್ಟು ದುಡುಕಿದ. ಅವನ ಜಾತಿ ಬರೆದಿರಲಿಲ್ಲ. ಗಂಗಾರಾಮನ ಹೆಸರೂ ಇರಲಿಲ್ಲ.

ಗಂಗಾರಾಮನನ್ನು ಬಿಟ್ಟರು. ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಇನ್ನು ಬುಟ್ಟಿ ಹೆಣೆಯುವ ಮಾತು ದೂರವೇ ಉಳಿಯಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ಹೋಗಲಿ, ಜೀವವಾದರೂ ಮನೆಗೆ ಬಂತಲ್ಲ ಅಂದುಕೊಂಡೆ.

ಅವತ್ತೇ ಸಂಜೆ ಪಟೇಲರು ನನ್ನನ್ನು ಕರೆಸಿದರು. ಪೇಪರಿನಲ್ಲಿ ಕೈಕಾಡಿಗಳ ಸುದ್ದಿ ಬಂದಾಗಲೇ ಮೇಲಿನಿಂದ ಒಂದು ಹುಕುಂ ಹೊರಟಿತ್ತಂತೆ, ಅದು ಈಗ ನಮ್ಮೂರಿಗೆ ಮುಟ್ಟಿದೆ. ಇನ್ನು ಮೇಲೆ ಕೈಕಾಡಿ ಹೆಂಗಸರೂ ಚಾವಡಿಯಲ್ಲಿ ಮಲಗಬೇಕು. ಕೊಂದವನು ಸಿಕ್ಕಿದನಲ್ಲ ಪಟೇಲರೇ ಅಂದೆ. ಹುಕುಂ ವಾಪಸು ಪಡೆಯುವ ಹುಕುಂ ಬಂದಿಲ್ಲ ಅಂದರು. ಅವರಿಗೂ ಸಾಕಾಗಿತ್ತು ಅಂತ ಕಾಣುತ್ತದೆ, ನನ್ನ ಮುಖ ನೋಡಲಿಲ್ಲ.

ನಾನು ಹೇಳಲು ಹೋದಾಗ ಸಾಯಮ್ಮ ಗಂಡನಿಗೆ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು. ಮಗ್ಗುಲಲ್ಲಿ ಕೂಸು ಮಲಗಿತ್ತು. ಹುಕುಂ ಹೇಳಿ ಮುಗಿಸುವ ತನಕ ಅವಳು ಕೈ ನಿಲ್ಲಿಸಲಿಲ್ಲ.

"ಕೊಂದವ ಸಿಕ್ಕಾನಲ್ರಿ ಕಾಕಾ?" ಅಂದಳು.

"ಸಿಕ್ಕಾನವ್ವ."

"ಅವ್ರ ಮನಿ ಹೆಣ್ಮಕ್ಕಳೂ ಬರ್ತಾರೇನ್ರಿ ಚಾವಡಿಗಿ?"

ನಾನು ಎದ್ದು ಚಾವಡಿಗೆ ಬಂದು, ಹೆಂಗಸರಿಗೆಂದು ಒಂದು ಮೂಲೆ ಗುಡಿಸಿದೆ.