ಕಟ್ಟಿದವರ ಹೆಸರು

"ಈ ಸಾಲು ಕುಂಟ್ತಾ ಇದೆ," ಎಂದ ಹಿರ್ಸಿ, ಕಣ್ಣು ಮುಚ್ಚಿಕೊಂಡೇ. "ಮೊದಲರ್ಧದಲ್ಲಿ ದಕಾರ ಇದೆ. ಎರಡನೇದರಲ್ಲಿ ಎಲ್ಲಿ?"

ಹಾಲು ಕೆಡದಿರಲೆಂದು ನಾರಿನಲ್ಲಿ ಹೆಣೆದ ಪಾತ್ರೆಗೆ ಹೊಗೆ ಹಿಡಿಯುತ್ತಿದ್ದ ಮಗಳು ಅಂಬರೊ ಸಾಲನ್ನು ತಿರುಗಿ ಹೇಳಿದಳು. ಈ ಸಲ ದಕಾರವೇನೋ ಇತ್ತು, ಅದನ್ನು ಹೊತ್ತದ್ದು ಮಾತ್ರ ಅರ್ಥವಿಲ್ಲದ ಒಂದು ಪುಟ್ಟ ಪದ.

"ಪ್ರಾಸ ಹೊರೋಕೆ ಕೂಲಿಯವನನ್ನ ಕರ್ಕೊಂಡು ಬಂದೆಯಲ್ಲೇ," ಎಂದು ಮುದುಕ ನಕ್ಕ. "ಮನೆಯವನೇ ಹೊರಬೇಕು."

ಹಿರ್ಸಿಯ ಕಡೆಯವರು ಸರದಿ ತಪ್ಪಿಸಿ ಬಾವಿಯಲ್ಲಿ ಒಂಟೆಗಳಿಗೆ ನೀರು ಕುಡಿಸಿದ್ದರು. ಆಚೆ ಪಾಳೆಯದ ಹಿರಿಯ ಬುರಾಲೆ ದೊಣ್ಣೆ ಕಳಿಸಲಿಲ್ಲ, ಗಬೈ ಕಳಿಸಿದ. ಸಾಲಿನ ಎರಡೂ ಅರ್ಧಗಳಲ್ಲಿ ದಕಾರದಿಂದ ಶುರುವಾಗುವ ಪದವಿದ್ದ ಆ ಕವಿತೆ ಬಾಯಿಂದ ಬಾಯಿಗೆ ಬಯಲೆಲ್ಲ ಹರಡಿತ್ತು. ಉತ್ತರವೂ ಗಬೈಯಲ್ಲೇ, ಅದೇ ದಕಾರದಲ್ಲೇ ಬರಬೇಕು. ಅಲ್ಲಿಯವರೆಗೆ ಒಂಟೆಗಳು ಕುಡಿಯುವ ನೀರಿನ ತೊಟ್ಟಿಯ ಮೇಲೆ ಬುರಾಲೆಯ ಕಡೆಯವರು ಎಳೆದ ಮುಳ್ಳು.

ಪಾಳೆಯವೆಲ್ಲ ತಮ್ಮ ಕವಿ ಹಿರ್ಸಿಯ ಬಾಯಿ ನೋಡುತ್ತಿತ್ತು. ಕಳೆದ ಬೇಸಿಗೆಯಿಂದ ಅವನಿಗೆ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಜಾರಿಹೋಗುತ್ತಿತ್ತೆಂಬುದು ಗೊತ್ತಿದ್ದದ್ದು ಮಗಳೊಬ್ಬಳಿಗೇ. ಉತ್ತರ ಕಟ್ಟಲು ಕೂತದ್ದೂ ಅವಳೇ. ಅವಳು ಅದುವರೆಗೆ ಕಟ್ಟಿದ್ದೆಲ್ಲ ಬುರಾನ್‌ಬುರ್, ಮದುವೆಯಲ್ಲಿ ಹೆಂಗಸರು ಚಪ್ಪಾಳೆ ತಟ್ಟಿ ಹಾಡುವಂಥದ್ದು. ಅದರ ನಡೆ ಮೇಕೆಮರಿಯದು. ಗಬೈಯ ನಡೆ ಹೊರೆ ಹೊತ್ತ ಒಂಟೆಯದು, ಅದು ಗಂಡಸರ ಸೊತ್ತು.

ಸಂಜೆ ಸಮತರ್ ಬಂದ. ಕೇಳಿದ ಕವಿತೆಯನ್ನು ಪದ ಬದಲಿಸದೆ ಒಯ್ದು ಮುಟ್ಟಿಸುವುದು ಅವನ ಕೆಲಸ. ಅಂಬರೊ ಹೇಳಿದ್ದನ್ನು ಎರಡು ಸಲ ಕೇಳಿ, ಚಹಾ ಮುಟ್ಟದೆ ಕುಳಿತ. ಶುರುಮಾಡುವ ಮೊದಲು ಕಟ್ಟಿದವರ ಹೆಸರು ಹೇಳಲೇಬೇಕಲ್ಲ, ಯಾರದು ಅನ್ನಲಿ ಎಂದು ಕೇಳಿದ.

"ನಂದು ಅನ್ನು," ಎಂದ ಹಿರ್ಸಿ.

"ಅಪ್ಪಂದೇ ಅನ್ನಿ ಅಣ್ಣ," ಎಂದಳು ಅಂಬರೊ. "ಹೆಂಗಸು ಕಟ್ಟಿದ್ದು ಅಂದ್ರೆ ಬುರಾಲೆ ಎದ್ದು ಹೋಗ್ತಾನೆ. ಒಂಟೆಗಳು ನಿಲ್ಲೋಕೂ ಆಗ್ದೆ ಮಲಗಿವೆ."

ಸಮತರ್ ಲೋಟ ತಿರುಗಿಸಿದ. "ಇನ್ನೊಬ್ಬರ ಒಂಟೆಗೆ ನಿಮ್ಮ ಮುದ್ರೆ ಒತ್ತು ಅಂತೀರಿ. ಹಿರಿಯರು ನೀವು, ಹೇಳಿದ್ರೆ ಒತ್ತೀನಿ ಚಿಕ್ಕಪ್ಪ."

ಹಿರ್ಸಿ ಅವನ ಲೋಟದ ಆರಿದ ಚಹಾ ಚೆಲ್ಲಿ ಬಿಸಿಯದು ಬಗ್ಗಿಸಿದ.

ಮರುದಿನ ಜಾಲಿಮರದ ಕೆಳಗೆ ಎರಡೂ ಪಾಳೆಯದ ಗಂಡಸರು ಸೇರಿದರು. ಸಮತರ್ ಕೋಲೂರಿ ನಿಂತು, "ಈ ಗಬೈ ಕಟ್ಟಿದವರು..." ಎಂದು ಮುದುಕನ ಕಡೆ ನೋಡಿದ.

"ನನ್ನ ಮಗಳು ಅಂಬರೊ," ಎಂದ ಹಿರ್ಸಿ.

ಹಿಂದಿನಿಂದ ಯಾರೋ, ಮದುವೆ ಯಾರದಂತೆ ಎಂದು ಕೇಳಿದರು. ನಗು ಎದ್ದಿತು. ಬುರಾಲೆಯೂ ಎದ್ದ.

"ನಿನ್ನ ಬಾಯಿಗೇನಾಯ್ತೋ ಹಿರ್ಸಿ?"

"ಸಾಲು ನಿಲ್ತಾ ಇಲ್ಲ ಕಣೋ. ಮರೆತು ಹೋಗ್ತವೆ." ಇದನ್ನು ಅವನು ಇಷ್ಟು ಜನರ ಮುಂದೆ ಹೇಳಿದ್ದು ಅದೇ ಮೊದಲು. "ಕೇಳಿಬಿಟ್ಟು ಹೋಗು."

ಬುರಾಲೆ ಕೂರಲಿಲ್ಲ, ಹೋಗಲೂ ಇಲ್ಲ. ಸಮತರ್ ಹೇಳತೊಡಗಿದ. ಸರದಿ ತಪ್ಪಿಸಿದ್ದು ನಾವೇ ಎಂದು ಕವಿತೆ ಮೊದಲೇ ಒಪ್ಪಿಕೊಂಡಿತು. ಆಮೇಲೆ, ಯಾರ ಸರದಿಯೆಂದು ತಿಳಿಯದೆ ಮುಳ್ಳನ್ನೇ ಮೂಸುತ್ತ ನಿಂತ ಹೆಣ್ಣೊಂಟೆಯ ಬಳಿಗೆ ಬಂತು. ದಕಾರಗಳು ಒಂದರ ಹಿಂದೊಂದು ಹೆಜ್ಜೆಯಿಟ್ಟವು.

ಬುರಾಲೆ ಶಾಲು ಹಾಸಿ ಕುಳಿತ. "ಮೊದಲಿಂದ ಇನ್ನೊಂದ್ಸಲ ಹೇಳು," ಎಂದ. ಕಲಿತು ಒಯ್ಯುವವನು ಮಾತ್ರ ಹಾಗೆ ಕೇಳುತ್ತಾನೆ. ಮಗ್ಗುಲಲ್ಲಿದ್ದ ತಮ್ಮನಿಗೆ ಗದ್ದದಿಂದಲೇ ಬಾವಿಯ ಕಡೆ ತೋರಿಸಿದ.

ಮೊದಲಿಂದ ಎಂದರೆ ಹೆಸರಿನಿಂದ. "ಈ ಗಬೈ ಕಟ್ಟಿದವಳು ಹಿರ್ಸಿಯ ಮಗಳು ಅಂಬರೊ," ಎಂದ ಸಮತರ್. ಈ ಸಲ ಯಾರೂ ನಗಲಿಲ್ಲ. ದೂರದಲ್ಲಿ, ಬಾವಿಯ ಬಳಿ, ಮುಳ್ಳಿನ ಕೊಂಬೆ ಎಳೆದು ತೆಗೆಯುತ್ತಿದ್ದಲ್ಲಿ ಕೆಂಪು ಧೂಳು ಏಳುತ್ತಿತ್ತು. ಕವಿತೆ ಮುಂದುವರಿದಂತೆ ಬುರಾಲೆಯ ತುಟಿ ಅಲುಗತೊಡಗಿತು. ಹಿರ್ಸಿಯ ತುಟಿಯೂ ಅಲುಗುತ್ತಿತ್ತು, ಒಂದು ಸಾಲು ಹಿಂದೆ.