ಬ್ಯಾಟ್ ಕೆಳಗಿಡಿ

ಐದು ವರ್ಷದ ಮಕ್ಕಳಿಗೆ ಟೆನ್ನಿಸ್ ಹೇಳಿಕೊಡುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಒಂದನ್ನು ಗೆರೆಯ ಹಿಂದೆ ನಿಲ್ಲಿಸುವಷ್ಟರಲ್ಲಿ ಇನ್ನೊಂದು ನೆಟ್ಟಿನ ಕೆಳಗೆ ನುಸುಳಿ ಆಚೆ ಹೋಗಿರುತ್ತದೆ. ಮೂರನೆಯದಕ್ಕೆ ಚಡ್ಡಿ ಜಾರಿರುತ್ತದೆ, ಎತ್ತಿ ಕಟ್ಟುವವರೆಗೂ ಅದು ಆಡುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಬುದ್ಧಿ ಇರುವವರು ಯಾರೂ ನನ್ನನ್ನು ಈ ಕೆಲಸಕ್ಕೆ ಕರೆಯುತ್ತಿರಲಿಲ್ಲ. ತಿ. ನರಸೀಪುರದ ಹಳೇ ಕ್ಲಬ್ಬಿನವರು ಕರೆದರು.

ನಾನು ನಂಜನಗೂಡಿನ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್, ಹೆಸರು ಕೋಮಲ. ಹೆಸರಿಗೂ ಸ್ವಭಾವಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನನ್ನ ಗಂಡ ದಿನಕ್ಕೊಮ್ಮೆಯಾದರೂ ಹೇಳುತ್ತಾನೆ. ಏಪ್ರಿಲ್‌ನಲ್ಲಿ ಕ್ಲಬ್ಬಿನ ಮೆಂಬರುಗಳ ಮಕ್ಕಳಿಗೆಂದು ಬೇಸಿಗೆ ಶಿಬಿರ ಶುರುವಾಯಿತು. ವಾರಕ್ಕೆ ಮೂರು ಸಂಜೆ ಬಸ್ಸು ಹತ್ತಿ ಬರುತ್ತಿದ್ದೆ. ಎರಡನೇ ವಾರಕ್ಕೆ ಮೆಂಬರುಗಳ ಮಕ್ಕಳಲ್ಲಿ ಅರ್ಧ ಅಜ್ಜಿ ಮನೆಗೆ, ಅರ್ಧ ಕ್ರಿಕೆಟ್ಟಿಗೆ ಹೋದವು. ಕೋರ್ಟಿನಲ್ಲಿ ನಾನು, ಒಂದು ಬುಟ್ಟಿ ಮೆತ್ತನೆಯ ಕೆಂಪು ಬಾಲುಗಳು, ಹತ್ತು ಪುಟ್ಟ ರಾಕೆಟ್ಟುಗಳು ಉಳಿದೆವು. ಕಾಂಪೌಂಡ್ ಗೋಡೆಯ ಮೇಲೆ ಎಂಟು ತಲೆಗಳು ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದವು.

ಅವು ಪಕ್ಕದ ಮಾರ್ಕೆಟ್ಟಿನಲ್ಲಿ ಸೊಪ್ಪು, ಹೂವು, ಬಾಳೆಹಣ್ಣು ಮಾರುವವರ ಮಕ್ಕಳು. ಅಂಗಡಿ ಮುಗಿಯುವವರೆಗೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಎಲ್ಲರಿಗಿಂತ ದೊಡ್ಡವಳು ಪಲ್ಲವಿ, ಆರೂವರೆ ವರ್ಷ. ಸೊಪ್ಪಿನ ರಾಚಮ್ಮನ ಮೊಮ್ಮಗಳು. ಎಲ್ಲರಿಗಿಂತ ಚಿಕ್ಕವನು ಸಿದ್ದು, ಐದು ತುಂಬಿರಲಿಲ್ಲ. "ಒಳಗೆ ಬನ್ನಿ" ಅಂದೆ. ಗೇಟಿನಿಂದ ಬಾರದೆ ಎಂಟೂ ಗೋಡೆಯಿಂದಲೇ ಧುಮುಕಿದವು.

ಜೂನ್ ಬಂತು, ಶಿಬಿರ ಮುಗಿಯಿತು. ನಾನು ಬರುವುದನ್ನು ನಿಲ್ಲಿಸಲಿಲ್ಲ. ಆಗ ಕ್ಲಬ್ಬಿನ ಕಾರ್ಯದರ್ಶಿ ಶಿವಸ್ವಾಮಿಯವರು ಒಂದು ಸಂಜೆ ಕೋರ್ಟಿಗೆ ಬಂದರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಕೆಟ್ಟ ಮನುಷ್ಯರಲ್ಲ, ಆದರೆ ಖಾಲಿ ಜಾಗ ಕಂಡರೆ ಅವರ ಕೈ ತುರಿಸುತ್ತದೆ.

"ನೋಡಮ್ಮ, ಮೆಂಬರುಗಳಿಗೆ ಕಾರು ನಿಲ್ಸೋಕೆ ಜಾಗ ಇಲ್ಲ. ಈ ಕೋರ್ಟಿಗೆ ಕಲ್ಲು ಹಾಸಿ ಪಾರ್ಕಿಂಗ್ ಮಾಡೋಣ ಅಂತ ತೀರ್ಮಾನ ಆಗ್ತಾ ಇದೆ. ಇಲ್ಲಿ ಟೆನ್ನಿಸ್ ಆಡೋರು ಯಾರಿದ್ದಾರೆ?"

"ಇವರು ಆಡುತ್ತಿಲ್ಲವೇ ಸಾರ್?"

ಅದೇ ಹೊತ್ತಿಗೆ ಸಿದ್ದು ರಾಕೆಟ್ಟನ್ನು ಕುದುರೆ ಮಾಡಿಕೊಂಡು ನಮ್ಮಿಬ್ಬರ ನಡುವೆ ಹಾದುಹೋದ.

"ಇದು ಟೆನ್ನಿಸ್ಸಾ?" ಎಂದು ನಕ್ಕರು.

ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. "ಇನ್ನೊಂದು ತಿಂಗಳಿಗೆ ನಿಮ್ಮ ವಾರ್ಷಿಕ ಸಭೆ ಇದೆಯಲ್ಲ, ಆವತ್ತು ಬನ್ನಿ. ಈ ಎಂಟೂ ಮಕ್ಕಳು ಎರಡು ಕಡೆ ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು, ಬಾಲು ಸಾಯದ ಹಾಗೆ ಹತ್ತು ಸಲ ನೆಟ್ ದಾಟಿಸುತ್ತಾರೆ. ದಾಟಿಸದಿದ್ದರೆ ಕಲ್ಲು ಹಾಸಿಕೊಳ್ಳಿ" ಅಂದುಬಿಟ್ಟೆ.

"ದಾಟಿಸಿದ್ರೆ ಕೋರ್ಟು ನಿಮ್ದೇ. ಮೂರು ಅವಕಾಶ ಕೊಡ್ತೀವಿ, ಬಾಲು ಎರಡು ಸಲ ಪುಟಿದ್ರೂ ಮಾಫಿ" ಎಂದು ಅವರು ಉದಾರವಾಗಿ ಹೇಳಿ ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಹಾಕಿದೆ. ಆ ಎಂಟರಲ್ಲಿ ಒಂದಾದರೂ ಅಲ್ಲಿಯವರೆಗೆ ಎರಡು ಸಲ ಒಟ್ಟಿಗೆ ನೆಟ್ ದಾಟಿಸಿರಲಿಲ್ಲ. ದೊಡ್ಡ ಮಾತು ನನ್ನದು, ಕೋರ್ಟು ಕಳೆದುಕೊಳ್ಳುವವರು ಅವರು.

ಅವರ ತೊಂದರೆ ಒಂದೇ. ಎಲ್ಲರೂ ಸೌದೆ ಸೀಳುವವರ ಹಾಗೆ ರಾಕೆಟ್ಟನ್ನು ತಲೆಯ ಮೇಲೆತ್ತಿ ಕೆಳಕ್ಕೆ ಬಾರಿಸುತ್ತಿದ್ದರು. ಬಾಲು ನೇರ ಹೋಗಿ ನೆಟ್ಟಿಗೆ ಬೀಳುತ್ತಿತ್ತು. ಟೆನ್ನಿಸ್ಸಿನಲ್ಲಿ ರಾಕೆಟ್ಟು ಮಂಡಿಯ ಹತ್ತಿರ ಇಳಿದು, ಅಲ್ಲಿಂದ ಹೆಗಲಿಗೆ ಏರಬೇಕು. ಆಗಲೇ ಬಾಲು ನೆಟ್ಟಿನ ಮೇಲೆ ಹಾರಿ ಆಚೆ ಕಡೆ ಕೋರ್ಟಿನೊಳಗೇ ಇಳಿಯುವುದು. ಇದನ್ನು ನಾನು ಎಷ್ಟು ಬಗೆಯಲ್ಲಿ ಹೇಳಿದೆನೋ ಲೆಕ್ಕವಿಲ್ಲ. "ಮಕ್ಕಳೇ, ರಾಕೆಟ್ಟನ್ನು ಮಂಡಿಯ ಮಟ್ಟದಿಂದ ಹೆಗಲಿನ ಕಡೆಗೆ ಬೀಸಬೇಕು." ಎಂಟೂ ತಲೆ ಆಡಿಸುತ್ತಿದ್ದವು, ಎಂಟೂ ಸೌದೆ ಸೀಳುತ್ತಿದ್ದವು. ಎಮ್ಮೆಯ ಮೇಲೆ ಮಳೆ ಸುರಿದಂತೆ.

ನಾನು ಅವರೊಡನೆ ಆಡುತ್ತಿದ್ದ ಕನ್ನಡದ ಬಗ್ಗೆ ಇಲ್ಲಿ ಹೇಳಲೇಬೇಕು. ನಾನು ಹುಟ್ಟಿದ್ದು ಕಳಲೆಯ ಹತ್ತಿರದ ಹಳ್ಳಿಯಲ್ಲಿ. ಹನ್ನೆರಡನೇ ವಯಸ್ಸಿಗೆ ಮೈಸೂರಿನ ಒಂದು ಕ್ರೀಡಾ ಹಾಸ್ಟೆಲ್ ಸೇರಿದೆ. ಮೊದಲ ದಿನ ಕೋರ್ಟಿನಲ್ಲಿ "ನಾನೂ ಒಡೀತೀನಿ ಸಾ" ಅಂದೆ. ಹೊಡೆಯುತ್ತೇನೆ ಎನ್ನುವುದು ನನ್ನ ಅರ್ಥ. "ಏನ್ ಒಡೀತೀಯೆ, ಗಡಿಗೇನಾ?" ಎಂದು ಇಡೀ ಹಾಸ್ಟೆಲ್ಲು ನಕ್ಕಿತು. ಆಮೇಲೆ ಐದು ವರ್ಷ ನನ್ನ ಹೆಸರು "ಅಳ್ಳಿ ಕೋಮಲ". ಕನ್ನಡಿ ಮುಂದೆ ನಿಂತು ಹಾಲು, ಹಳ್ಳಿ, ಹಗ್ಗ ಎಂದು ಅಭ್ಯಾಸ ಮಾಡಿದೆ. ಮಾಡಿದ್ದು ಎಷ್ಟು ಹೆಚ್ಚಾಯಿತೆಂದರೆ ಒಮ್ಮೆ ಮೃಗಾಲಯದಲ್ಲಿ "ಹಾನೆ ನೋಡಿ" ಅಂದು ಮತ್ತೆ ನಗೆಪಾಟಲಾದೆ. ಅಂತೂ ಹಕಾರ ಬಂತು. ಬಂದ ಮೇಲೆ ಊರಿನ ಮಾತನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದೆ. ಕ್ಲಬ್ಬಿನವರೆಲ್ಲ ನಾನು ಮೈಸೂರಿನವಳೆಂದೇ ತಿಳಿದಿದ್ದರು, ನಾನೂ ತಿದ್ದಿರಲಿಲ್ಲ.

ಸಭೆಗೆ ಎರಡು ವಾರ ಉಳಿದಿತ್ತು. ಆ ಸಂಜೆ ನಲವತ್ತು ಬಾಲು ಎಸೆದೆ, ನಲವತ್ತೂ ನೆಟ್ಟಿಗೆ ಬಿದ್ದವು. ನನ್ನ ತಲೆ ಕೆಟ್ಟಿತು. ರಾಕೆಟ್ಟನ್ನು ಬ್ಯಾಟ್ ಅನ್ನಬಾರದೆಂದು ಎರಡು ತಿಂಗಳು ಬೈದಿದ್ದ ನಾನೇ ಕಿರುಚಿದೆ: "ಸಾಕು! ಎಲ್ಲರೂ ಬ್ಯಾಟ್ ಕೆಳಗಿಡಿ!"

ನೆಲದ ಮೇಲಿಟ್ಟು ಮನೆಗೆ ಹೋಗಿ ಎನ್ನುವುದು ನನ್ನ ಮಾತಿನ ಅರ್ಥ. ಒಬ್ಬರೂ ಇಡಲಿಲ್ಲ. ಎಂಟೂ ಮಕ್ಕಳು ಬ್ಯಾಟನ್ನು ಬಿಗಿಯಾಗಿ ಹಿಡಿದು ಮಂಡಿಯ ಪಕ್ಕಕ್ಕೆ ಇಳಿಸಿ ನಿಂತವು.

"ಕೆಳಗಿಡಿ ಅಂದೆ!"

ಇನ್ನಷ್ಟು ಬಗ್ಗಿದವು. ಸಿದ್ದು ಕುಕ್ಕರುಗಾಲಲ್ಲಿ ಕೂತೇಬಿಟ್ಟ. ಸಿಟ್ಟಿಗೆ ಕೈಯಲ್ಲಿದ್ದ ಬಾಲನ್ನು ನೆಲಕ್ಕೆ ಅಪ್ಪಳಿಸಿದೆ. ಅದು ಪುಟಿದು ಪಲ್ಲವಿಯ ಕಡೆಗೆ ಹೋಯಿತು. ಪಲ್ಲವಿ ಮಂಡಿಯ ಪಕ್ಕದಲ್ಲಿದ್ದ ಬ್ಯಾಟನ್ನು ಹಾಗೇ ಮೇಲೆತ್ತಿ ಬೀಸಿದಳು. ಬಾಲು ನೆಟ್ಟಿನ ಮೇಲೆ ಒಂದು ಮೊಳ ಎತ್ತರಕ್ಕೆ ಹಾರಿ, ತಿರುಗುತ್ತಾ ಆಚೆ ಕಡೆ ಗೆರೆಯೊಳಗೆ ಇಳಿಯಿತು.

ನಾನು ಪಲ್ಲವಿಯ ಹತ್ತಿರ ಓಡಿದೆ.

"ಏನು ಮಾಡಿದೆಯೇ ನೀನು?"

"ನೀವೇ ಕೆಳಗೆ ಇಡೀ ಅಂದ್ರಲ್ಲ ಮಿಸ್. ಇಡ್ಕಂಡಿವ್ನಿ" ಎಂದಳು ಪಲ್ಲವಿ, ಬೈಗುಳ ಬೀಳುತ್ತದೆಂದು ಕಣ್ಣು ಕಿರಿದು ಮಾಡಿ.

"ಕೆಳಗೆ ಬಿಟ್ಟುಬಿಡಿ ಅಂದಿದ್ದು ಕಣೇ!"

"ಅಂಗಾದ್ರೆ ಮಡಗಿ ಅನ್ಬೇಕು ಮಿಸ್" ಎಂದು ಕೂತಲ್ಲಿಂದಲೇ ಸಿದ್ದು ನನಗೆ ಪಾಠ ಹೇಳಿದ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೌದಲ್ಲ! ನಮ್ಮವ್ವ ಜನ್ಮದಲ್ಲಿ ಒಂದು ಚೊಂಬನ್ನೂ ಎಲ್ಲೂ 'ಇಟ್ಟವಳಲ್ಲ', ಎಲ್ಲವನ್ನೂ 'ಮಡಗಿದವಳು'. ಅವಳು ಇಡಿ ಎಂದರೆ ಹಿಡಿ ಎಂದೇ. ಈ ಮಕ್ಕಳು ಕೇಳಿದ್ದೂ ಅದನ್ನೇ, ಕೆಳಗೆ ಹಿಡಿಯಿರಿ ಎಂದು. ಎರಡು ತಿಂಗಳಿಂದ ನಾನು ಪುಸ್ತಕದ ಮಾತಿನಲ್ಲಿ ಹೇಳಲಾಗದ್ದನ್ನು ಅವರು ತಮ್ಮ ಮಾತಿನಲ್ಲಿ ತಾವೇ ಕೇಳಿಸಿಕೊಂಡಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಕುಣಿಯಲಾರದವಳು ನಾನೇ. ನಗು ಬಂತು, ಜೊತೆಗೆ ಅಳುವೂ ಬಂತು. ಮಿಸ್ಸಿಗೆ ಏನೋ ಆಯಿತೆಂದು ಮಕ್ಕಳು ನೀರಿನ ಬಾಟಲಿ ತಂದು ಕೊಟ್ಟವು.

ಮುಂದಿನ ತರಗತಿಯಿಂದ ನನ್ನ ಪಾಠ ಎರಡೇ ಮಾತಿಗೆ ಇಳಿಯಿತು. "ಕೆಳಕ್ಕೆ ಇಡೀ! ಮ್ಯಾಕ್ಕೆ ಒಡೀ!" ಬಾಲುಗಳು ನೆಟ್ ದಾಟತೊಡಗಿದವು. ಎರಡಾಯಿತು, ನಾಲ್ಕಾಯಿತು, ಒಂದು ಸಂಜೆ ಒಂಬತ್ತರವರೆಗೂ ಹೋಯಿತು. ಹತ್ತು ಮಾತ್ರ ಒಮ್ಮೆಯೂ ಆಗಲಿಲ್ಲ.

ವಾರ್ಷಿಕ ಸಭೆ ಭಾನುವಾರ ಬೆಳಿಗ್ಗೆ. ಕೋರ್ಟಿನ ಪಕ್ಕದಲ್ಲಿ ಮೂವತ್ತು ಕುರ್ಚಿ ಹಾಕಿದ್ದರು. ಡಾಕ್ಟರು, ವಕೀಲರು, ಅವರ ಹೆಂಡತಿಯರು, ಮೈಸೂರಿನಿಂದ ಬಂದ ಇಬ್ಬರು ಅತಿಥಿಗಳು, ಎಲ್ಲರ ಕೈಯಲ್ಲೂ ಕಾಫಿ. ಶಿವಸ್ವಾಮಿಯವರ ಕಾರು ಕೋರ್ಟಿನ ಮೂಲೆಯಲ್ಲಿ ಬಿಳಿ ಗೆರೆಯ ಮೇಲೆಯೇ ನಿಂತಿತ್ತು. ಗೇಟಿನ ಹತ್ತಿರ ರಾಚಮ್ಮ ಸೊಪ್ಪಿನ ಕುಕ್ಕೆ ಇಳಿಸಿ ನಿಂತಿದ್ದಳು, ಜೊತೆಗೆ ಮಾರ್ಕೆಟ್ಟಿನ ಅರ್ಧ ಜನ.

ನಾನು ಇಸ್ತ್ರಿ ಮಾಡಿದ ಟ್ರ್ಯಾಕ್ ಸೂಟ್ ಹಾಕಿಕೊಂಡು ಹೋಗಿದ್ದೆ. ಕುರ್ಚಿಗಳನ್ನು ಕಂಡದ್ದೇ ಹಾಸ್ಟೆಲ್ಲಿನ ನಗು ನೆನಪಾಯಿತು. ಬಾಯಿಂದ ಬಂದದ್ದು ರೇಡಿಯೋ ಕನ್ನಡ: "ಮಕ್ಕಳೇ, ಸಿದ್ಧರಾಗಿ. ರಾಕೆಟ್ಟನ್ನು ಸರಿಯಾದ ಮಟ್ಟದಲ್ಲಿ ಹಿಡಿದುಕೊಳ್ಳಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಮೊದಲ ಸಲ ಮೂರಕ್ಕೇ ಬಾಲು ನೆಟ್ಟಿಗೆ ಬಿತ್ತು. ಎರಡನೇ ಸಲ ಏಳರವರೆಗೆ ಹೋಯಿತು, ಎಂಟನೆಯದಕ್ಕೆ ಸಿದ್ದು ಗಾಬರಿಯಾಗಿ ಮತ್ತೆ ಸೌದೆ ಸೀಳಿದ. ಕುರ್ಚಿಗಳಲ್ಲಿ ಯಾರೋ ಲೊಚ್ಚೆಂದರು. ಶಿವಸ್ವಾಮಿ ಕಾಫಿ ಲೋಟ ಕೆಳಗಿಟ್ಟು ಕೈಗಡಿಯಾರ ನೋಡಿಕೊಂಡರು.

ಪಲ್ಲವಿ ಬಂದು ನನ್ನ ತೋಳು ಜಗ್ಗಿ ಕಿವಿಯಲ್ಲಿ ಹೇಳಿದಳು: "ಮಿಸ್, ನೀವ್ಯಾಕೆ ಬ್ಯಾರೆ ಯಾರೋ ಥರ ಮಾತಾಡ್ತೀರಿ? ಸಿದ್ದು ಎದರ್ಕತಾನೆ. ನಮ್ ಮಿಸ್ ಥರ ಯೋಳಿ."

ನನಗೆ ಮೈಯೆಲ್ಲ ನಾಚಿಕೆಯಾಯಿತು. ಮೂವತ್ತು ಕುರ್ಚಿಗೆ ಹೆದರಿ ಎಂಟು ಮಕ್ಕಳ ಕೋರ್ಟನ್ನು ಕೈಯಾರೆ ಕೊಡಲು ಹೊರಟಿದ್ದೆ. ಬುಟ್ಟಿಯಿಂದ ಬಾಲು ತೆಗೆದೆ. ಸೊಂಟಕ್ಕೆ ಕೈಕೊಟ್ಟು ನಮ್ಮವ್ವ ಹೊಲದಿಂದ ಕೂಗುತ್ತಿದ್ದ ದನಿಯಲ್ಲಿ ಕೂಗಿದೆ: "ಲೇ ಸಿದ್ದು! ಎದರ್ಬ್ಯಾಡ ಕಣ್ಲಾ! ಎಲ್ಲಾರೂ ಕೆಳಕ್ಕೆ ಇಡೀ! ಮ್ಯಾಕ್ಕೆ ಒಡೀ!"

ಕುರ್ಚಿಗಳಲ್ಲಿ ಕಿಸಕ್ಕೆಂದು ನಗು ಎದ್ದಿತು. ಎದ್ದರೆ ಏಳಲಿ. ಎಂಟೂ ಬ್ಯಾಟುಗಳು ಒಟ್ಟಿಗೆ ಮಂಡಿಯ ಪಕ್ಕಕ್ಕೆ ಇಳಿದವು.

ಪಲ್ಲವಿ ಮೊದಲನೆಯದನ್ನು ದಾಟಿಸಿದಳು. ಗೇಟಿನ ಹತ್ತಿರದಿಂದ ರಾಚಮ್ಮ, ರಾಗಿ ಅಳೆಯುವಾಗ ಒಂದು ಅನ್ನದೆ ಲಾಭ ಎಂದು ಎಣಿಸುವ ಹಾಗೆಯೇ ಶುರು ಮಾಡಿದಳು: "ಲಾಬ!"

"ಎರಡು! ಮೂರು!" ಎಂದು ಮಾರ್ಕೆಟ್ಟಿನವರು ಸೇರಿಕೊಂಡರು. ಹೊಡೆದವರು ಓಡಿ ಸಾಲಿನ ಹಿಂದಕ್ಕೆ, ಮುಂದಿನವರು ಮುಂದಕ್ಕೆ. ಐದನೆಯದು ನೆಟ್ಟಿನ ತುದಿಗೆ ತಾಗಿ ಒಂದು ಕ್ಷಣ ಅಲ್ಲೇ ಯೋಚನೆ ಮಾಡಿ ಆಚೆ ಬಿತ್ತು. ಆರು. ಏಳು. ಎಂಟನೆಯದು ಸಿದ್ದುವಿನದು. ಬಾಲು ಒಂದು ಸಲ ಪುಟಿಯಿತು, ಎರಡು ಸಲ ಪುಟಿಯಿತು. ಅವನು ಕುಕ್ಕರುಗಾಲಿಗೆ ಇಳಿದು, ನೆಲಕ್ಕೆ ತಾಗುವಷ್ಟು ಕೆಳಗಿಂದ ಬ್ಯಾಟೆತ್ತಿ, ಕಣ್ಣು ಮುಚ್ಚಿಕೊಂಡು ಬೀಸಿದ. ಬಾಲು ಆಕಾಶಕ್ಕೆ ಹೋಯಿತು, ನಿಧಾನವಾಗಿ ಆಚೆ ಕಡೆ ಗೆರೆಯೊಳಗೆ ಇಳಿಯಿತು.

"ಎಂಟೂ!" ಈ ಸಲ ಕುರ್ಚಿಗಳೂ ಕೂಗಿದವು.

ಒಂಬತ್ತು ಪಲ್ಲವಿಯದು. ಹತ್ತು ಆಚೆ ಸಾಲಿನ ಮೊದಲನೆಯವಳಾದ ಹೂವಿನ ಅಂಗಡಿಯ ಭಾನುಪ್ರಿಯಾಳದು. ಅವಳು ಹೊಡೆದ ಬಾಲು ನೆಟ್ ದಾಟಿದ್ದೇ ಮಾರ್ಕೆಟ್ಟು ಗೇಟು ತಳ್ಳಿಕೊಂಡು ಒಳಗೆ ಬಂತು. ನಾನು ಎರಡೂ ಕೈ ಎತ್ತಿ ಹುಚ್ಚಿಯ ಹಾಗೆ ಕುಣಿದೆ. ಹತ್ತಕ್ಕೆ ನಿಲ್ಲಿಸಬೇಕೆಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಅವು ಹೊಡೆಯುತ್ತಲೇ ಹೋದವು. ಹದಿನಾರಕ್ಕೆ ಬಂದಾಗ ಸಿದ್ದು ಬಾಲನ್ನು ಕೈಯಲ್ಲಿ ಹಿಡಿದುಕೊಂಡು, "ಮಿಸ್, ಒಂದಕ್ಕೆ ಓಗ್ಬೇಕು" ಅಂದ. ಅದಕ್ಕೇ ನಿಂತಿತು.

ಶಿವಸ್ವಾಮಿಯವರು ಎದ್ದು ಬಂದರು. "ಅಲ್ಲಮ್ಮ, ನಿಮ್ದು ಯಾವೂರು?"

"ಕಳಲೆ ಪಕ್ಕದ್ ಅಳ್ಳಿ ಸಾ" ಅಂದೆ. ಇಪ್ಪತ್ತೈದು ವರ್ಷದ ಮೇಲೆ ಆ ಪದ ನನ್ನ ಬಾಯಲ್ಲಿ ಬೆಲ್ಲದ ಹಾಗಿತ್ತು.

ಅವರು ನನ್ನನ್ನೇ ನೋಡಿದರು. ಆಮೇಲೆ ಮೈಸೂರಿನ ಅತಿಥಿಗಳಿಗೆ ಕೇಳದ ಹಾಗೆ ದನಿ ತಗ್ಗಿಸಿ, "ನಮ್ದೂ ಅಳ್ಳೀನೇ ಕಣವ್ವ" ಎಂದರು. ಜೇಬಿನಿಂದ ಕೀ ತೆಗೆದು, ತಾವೇ ಹೋಗಿ ಕಾರನ್ನು ಗೆರೆಯ ಮೇಲಿಂದ ಹಿಂದಕ್ಕೆ ತೆಗೆದು ಗೇಟಿನ ಆಚೆ ನಿಲ್ಲಿಸಿ ಬಂದರು. ಚಕ್ರ ಕೆಡಿಸಿದ್ದ ಗೆರೆಯನ್ನು ಪಲ್ಲವಿ ಆಗಲೇ ಕಾಲಿನಿಂದ ಸರಿಮಾಡುತ್ತಿದ್ದಳು.

ಬಿಸಿಲು ಏರಿತ್ತು. ರಾಚಮ್ಮ ಎಲ್ಲ ಮಕ್ಕಳಿಗೂ ತಲಾ ಒಂದು ಬಾಳೆಹಣ್ಣು ಹಂಚಿದಳು. ಇನ್ನು ಇವರನ್ನು ಮನೆಗೆ ಕಳಿಸಬೇಕು ಎಂದುಕೊಂಡು ಅಭ್ಯಾಸಬಲದಿಂದ ಹೇಳಿದೆ: "ಸರಿ ಮಕ್ಕಳೇ, ಇವತ್ತಿಗೆ ಸಾಕು. ಬ್ಯಾಟ್ ಕೆಳಗಿಡಿ."

ಎಂಟೂ ಮಕ್ಕಳು ಬಾಳೆಹಣ್ಣನ್ನು ಬಾಯಿಗೆ ತುರುಕಿಕೊಂಡು, ಬ್ಯಾಟನ್ನು ಮಂಡಿಯ ಪಕ್ಕಕ್ಕೆ ಇಳಿಸಿ, ಕಣ್ಣರಳಿಸಿ ಸಾಲಾಗಿ ನಿಂತವು.

ಮಡಗಿ ಅನ್ನಲು ನನಗೆ ಬಾಯೇ ಬರಲಿಲ್ಲ. ಬುಟ್ಟಿಯಿಂದ ಇನ್ನೊಂದು ಬಾಲು ತೆಗೆದೆ.