ಪುಷ್ಪಾವತಿಯವರ ದೂರು ಬಗೆಹರಿದಿದೆ

ಡೊಂಬಿವಲಿಯ ಮನೆಯಲ್ಲಿ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಡ್ರಾಯರಿನೊಳಗೆ ಅಮ್ಮನ ಮೊಬೈಲು ಗುಂಯ್ ಅಂತು. ಅಮ್ಮ ಪುಷ್ಪಾವತಿ ತೀರಿಕೊಂಡು ಏಳು ತಿಂಗಳು. ಮೊಬೈಲಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಜ್ಯೋತ್ಸ್ನಾ ಅದನ್ನು ಚಾರ್ಜು ಮಾಡುತ್ತಲೇ ಇದ್ದಳು.

'ಪುಷ್ಪಾವತಿಯವರೇ, ನಿಮ್ಮ ದೂರಿಗೆ ಇನ್ನೊಬ್ಬರ ಬೆಂಬಲ ಸಿಕ್ಕಿದೆ. ಸ್ಥಿತಿ: ಬಗೆಹರಿದಿದೆ.'

ಈ ವಾರ ಇದು ಒಂಬತ್ತನೆಯದು.

"ಅತ್ತೆಗೆ ಅಲ್ಲಿ ಹೋದ್ರೂ ದೂರು ಕೊಟ್ಟು ಮುಗಿಲಿಲ್ಲ ಮಾರಾಯ್ತಿ," ಅಂದ ಗಂಡ ಸೂರಜ್. ನಗಲು ಹೊರಟವನು ಅವಳ ಮುಖ ನೋಡಿ ದೋಸೆಯತ್ತ ತಿರುಗಿದ.

ಆ ದೂರು ಹುಟ್ಟಿದ್ದು ಜ್ಯೋತ್ಸ್ನಾಳ ಕೈಯಿಂದಲೇ. ವಾಶಿಯ ಅವಳ ಕಂಪೆನಿಗೆ ಸರಕಾರಿ ಆಫೀಸುಗಳಿಗೆ ಇಂಟರ್‌ನೆಟ್ಟಿನ ದೀಕ್ಷೆ ಕೊಡುವ ಕೆಲಸ. ಜನ ನಕ್ಷೆಯ ಮೇಲೆ ಚುಕ್ಕಿ ಇಟ್ಟು ದೂರು ಕೊಡಬೇಕು, ಆಫೀಸು ಉತ್ತರ ಕೊಡಬೇಕು. ಆರು ತಿಂಗಳ ಹಿಂದೆ, ತರಬೇತಿಯ ದಿನ, ಡೆಮೋಗೆ ಒಂದು ಹೆಸರು, ಒಂದು ಮೊಬೈಲ್ ನಂಬರು ಬೇಕಾದಾಗ ಬೆರಳಿಗೆ ಬಂದದ್ದು ಅಮ್ಮನವೇ. ರಬಾಳೆಯ ಯಾವುದೋ ಗಲ್ಲಿಯ ಮೇಲೆ ಕಣ್ಣುಮುಚ್ಚಿ ಚುಕ್ಕಿ ಇಟ್ಟು ಬರೆದಳು: 'ಚರಂಡಿಗೆ ಮುಚ್ಚಳ ಇಲ್ಲ.' ಒಂದು ಗುಂಡಿ ಒತ್ತಿದಳು, ಕೆಂಪು ಚುಕ್ಕಿ ಹಸಿರಾಯಿತು, ಅಂದರೆ ದೂರು ಬಗೆಹರಿಯಿತು. ಸಾಹೇಬರುಗಳು ಚಪ್ಪಾಳೆ ತಟ್ಟಿದರು. ಗುಂಡಿ ಒತ್ತಿದರೆ ಗುಂಡಿ ಮುಚ್ಚುವುದಾದರೆ ಯಾರಿಗೆ ಬೇಡ?

ಡೆಮೋ ಅಳಿಸುವುದನ್ನು ಎಲ್ಲರೂ ಮರೆತರು.

ಲ್ಯಾಪ್‌ಟಾಪ್ ತೆರೆದಳು. ಅದೇ ಗಲ್ಲಿಯಿಂದ ನಲವತ್ತೊಂದು ದೂರುಗಳು, ಎಲ್ಲವೂ ಅಮ್ಮನ ದೂರಿನಡಿ ಮಡಚಿಕೊಂಡು ಕೂತಿದ್ದವು. ಒಂದೇ ಜಾಗ, ಒಂದೇ ತೊಂದರೆಯಾದರೆ ಒಂದೇ ದೂರು ಅನ್ನುವ ನಿಯಮ ಬರೆದವಳೂ ಅವಳೇ. ಮೊದಲನೆಯದು ಬಗೆಹರಿದಿದ್ದರಿಂದ ಉಳಿದವೂ ಹುಟ್ಟುತ್ತಲೇ ಬಗೆಹರಿದಿದ್ದವು. ಕೊನೆಯದು: 'ಒಳಗೆ ಹೆಂಗಸಿನ ಒಂದು ಚಪ್ಪಲಿ ತೇಲ್ತಾ ಇದೆ.'

ದೂರು ನೋಡಿಕೊಳ್ಳುವ ಸರಕಾರಿ ಆಫೀಸಿನ ಗುಮಾಸ್ತ ಬಾಲಪ್ಪನಿಗೆ ಫೋನು ಮಾಡಿದಳು.

"ನಾಳೆ ಸಾಹೇಬ್ರು ನೂರಕ್ಕ ನೂರು ಹಸಿರು ಅಂತ ಪೇಪರ್‌ನವರಿಗೆ ತೋರಸಾವ್ರದಾರ. ಈಗ ಕೆಂಪ್ ಮಾಡಂತೀರಲ್ರೀ ಮೇಡಂ!"

"ಅಲ್ಲಿ ಮುಚ್ಚಳವೇ ಇಲ್ಲ ಬಾಲಪ್ಪನವ್ರೇ. ಅದು ಬರೀ ಡೆಮೋ—"

"ಡೆಮೋ ಅಂದ್ರ ಅಳಿಸಿಬಿಡ್ತೀನಿ ತಗೋರಿ. ಅದರ ಕೆಳಗಿನವೂ ಹೋಗ್ತಾವ."

"ಬೇಡ! ಅಳಿಸ್ಬೇಡಿ."

"ಹಂಗಾರ ದೂರು ಕೊಟ್ಟವ್ರು ಮೆಸೇಜಿಗೆ 'ನೋ' ಅಂತ ಕಳಸ್ಲಿ, ಆವಾಗ ಮತ್ತ ಕೆಂಪ್ ಆಗ್ತದ. ನೀವೇ ಕಲಿಸೀರಿ."

ಅಮ್ಮನ ಮೊಬೈಲನ್ನು ಪರ್ಸಿಗೆ ಹಾಕಿಕೊಂಡು ಹೊರಟಳು.

ರಬಾಳೆಯ ಗಲ್ಲಿಯಲ್ಲಿ ಮಧ್ಯಾಹ್ನದ ಬಿಸಿಲು. ಕಣ್ಣುಮುಚ್ಚಿ ಇಟ್ಟಿದ್ದ ಚುಕ್ಕಿಯ ಜಾಗದಲ್ಲೇ, ಗೇಣು ಆಚೀಚೆ ಇಲ್ಲದೆ, ಚರಂಡಿ ಬಾಯಿ ತೆರೆದು ಕೂತಿತ್ತು.

ಪಕ್ಕದಲ್ಲಿ ಇಡ್ಲಿ, ಚಹಾ ಮಾರುವ ವನಮಾಲಾ, ಕಾರ್ಕಳದ ಕಡೆಯವಳು, ಬ್ಯಾಂಡೇಜಿನ ಕಾಲು ಚಾಚಿ ಕೂತಿದ್ದಳು.

"ಆ ಚಪ್ಪಲಿ ನನ್ನದೇ. ನನ್ನನ್ನು ಮೂರು ಜನ ಎಳೆದು ತೆಗೆದ್ರು. ದೂರು ಹಾಕಿದ್ರೆ ಪುಷ್ಪಾವತಿ ಅನ್ನುವವಳದ್ದು ಬಗೆಹರಿದಿದೆ ಅಂತ ಬರ್ತದೆ. ಎಷ್ಟು ಲಂಚ ತಿಂದಿದ್ದಾಳೋ ಹಾಳಾದವಳು! ದಿನಾ ಬೆಳಿಗ್ಗೆ ಅವಳಿಗೆ ಶಾಪ ಹಾಕಿಯೇ ಒಲೆ ಹೊತ್ತಿಸುದು ನಾನು."

ಜ್ಯೋತ್ಸ್ನಾ ಅಮ್ಮನ ಮೊಬೈಲು ತೆಗೆದು 'ನೋ' ಅಂತ ಒತ್ತಿದಳು.

ಎರಡೇ ನಿಮಿಷ. ಅದೇ ಮೊಬೈಲು ಹೊಡೆದುಕೊಂಡಿತು. ಬಾಲಪ್ಪನ ದನಿ, ಮರಾಠಿಯಲ್ಲಿ: ಪುಷ್ಪಾವತಿ ಅನ್ನುವವರು ನಿಜಕ್ಕೂ ಇದ್ದಾರಾ?

ಇಲ್ಲ ಅಂದರೆ ನಲವತ್ತೊಂದೂ ಹೋಗುತ್ತವೆ.

"ಇದ್ದೇನೆ, ನಾನೇ ಪುಷ್ಪಾವತಿ," ಅಂದಳು ಜ್ಯೋತ್ಸ್ನಾ ಮರಾಠಿಯಲ್ಲೇ. ಗಂಟಲಿಂದ ಬಂದದ್ದು ಅಮ್ಮನ ದನಿ, ಅದರ ಗೊಗ್ಗರು ಸಮೇತ. "ಗುಂಡಿಯ ಹತ್ತಿರವೇ ಇದ್ದೇನೆ. ಮುಚ್ಚಳ ಬರುವವರೆಗೆ ಹೋಗುವುದಿಲ್ಲ."

ಆ ಕಡೆಯಿಂದ ಬಾಲಪ್ಪ ಮೆಲ್ಲಗೆ, "ಗಾಡಿ ಕಳಿಸ್ತೇನೆ ತಾಯೀ," ಅಂದ.

ವನಮಾಲಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕುಂಟುತ್ತಾ ಎದ್ದು ಒಂದು ಸ್ಟೂಲು ತಂದು ಗುಂಡಿಯ ಪಕ್ಕ ಇಟ್ಟಳು.

"ಕೂತ್ಕೊಳ್ಳಿ ಪುಷ್ಪಕ್ಕ," ಅಂದಳು. "ಅವರು ಬರುವಾಗ ಹೊತ್ತಾಗ್ತದೆ."